ಹೊಗೆಯಿರುವಷ್ಟು ಹೊತ್ತು

"ಬಿಡೋ ಕಾಲು, ನಾಯಿ! ಏಳನೇ ಕ್ಲಾಸು ದಾಟದೋನು ನಾಡಿ ನೋಡ್ತಾನಂತೆ, ನಾಡಿ! ಒಂದು ಕಾಲ್ಬೆರಳು ಕುಯ್ಸ್ಕೊಂಡು ಬಂದ ತಕ್ಷಣ ಡಾಕ್ಟ್ರಾಗ್ಬಿಟ್ಯೇನೋ?"

ಅಣ್ಣ ಇದನ್ನು ಹೇಳಿದ್ದು ಕೋಲ್ಡ್ ಸ್ಟೋರೇಜಿನ ಹಿಂಬದಿಯಲ್ಲಿ, ಕಂಪ್ರೆಸರಿನ ಬಿಸಿ ಪೈಪು ಗೋಡೆಗುಂಟ ಹಾದುಹೋಗುವ ಜಾಗದಲ್ಲಿ, ಬೆಳಗಿನ ಬಿಡುವಿಗೆಂದು ಹೊರಗೆ ಬಂದು ಕೂತಿದ್ದ ಅಷ್ಟೂ ಜನರ ಮುಂದೆ. ಹೇಳುತ್ತಲೇ ಕಾಲನ್ನು ಕಿತ್ತುಕೊಂಡ ರಭಸಕ್ಕೆ ಹಿಮ್ಮಡಿ ಅವನ ತಮ್ಮ ಬೆಂಕಿಯ ಗದ್ದಕ್ಕೆ ಬಡಿಯಿತು. ಒದ್ದದ್ದಲ್ಲ, ತಗುಲಿದ್ದು. ಆದರೆ ನೋಡುವವರ ಕಣ್ಣಿಗೆ ಒದ್ದ ಹಾಗೇ ಕಂಡಿರಬೇಕು. ಬೆಂಕಿ ಅನ್ನುವುದು ಅವನ ಹೆಸರಲ್ಲ. ಕೆಲಸಕ್ಕೆ ಸೇರಿದ ಮೊದಲ ವಾರವೇ ಲಾರಿ ಡ್ರೈವರೊಬ್ಬನ ಕಾಲರು ಹಿಡಿದದ್ದಕ್ಕೆ ಇಲ್ಲಿಯವರು ಇಟ್ಟದ್ದು. ಮೀನು, ಬೆಣ್ಣೆ, ಬಟಾಣಿ ಎಲ್ಲವೂ ಕಲ್ಲಾಗಿ ಕೂತಿರುವ ಕಟ್ಟಡದೊಳಗೆ ಬೆಂಕಿ ಅಂತ ಒಬ್ಬ ಓಡಾಡುತ್ತಾನೆ ಅನ್ನುವುದೇ ಅವರಿಗೊಂದು ತಮಾಷೆ. ಆ ಬೆಂಕಿ ಈಗ ಒದ್ದೆ ಸಿಮೆಂಟಿನ ಮೇಲೆ ಮಂಡಿಯೂರಿ, ಅಣ್ಣನ ಪಾದ ಇದ್ದ ಜಾಗದಲ್ಲಿ ಎರಡು ಬೆರಳು ಚಾಚಿಕೊಂಡು, ಚಿಲ್ಲರೆ ಬೀಳಿಸಿಕೊಂಡವನ ಹಾಗೆ ಕೂತಿದ್ದ.

"ಏ ಬೆಂಕಿ, ಅಣ್ಣನ ಕಾಲಿಗೆ ಬೀಳೋದಿದ್ರೆ ಮನೇಲಿ ಬೀಳಪ್ಪ, ಇಲ್ಲಿ ನೆಲ ಒದ್ದೆ," ಎಂದ ಚಮಚ. ಅಣ್ಣನೇ ಇಲ್ಲಿ ಮೇಸ್ತ್ರಿ; ಮೇಸ್ತ್ರಿ ನಕ್ಕ ಕಡೆ ನಗುವುದು ಚಮಚನ ನಿಜವಾದ ಕೆಲಸ, ಕ್ರೇಟು ಎತ್ತುವುದು ಆಮೇಲಿನದು. ಇಪ್ಪತ್ತಕ್ಕೇ ತಲೆ ನರೆತು ಅಜ್ಜ ಅನ್ನಿಸಿಕೊಂಡವನು ತನ್ನ ಗಂಬೂಟನ್ನೂ ಎಳೆದು ಕಾಲು ಚಾಚಿದ. "ಡಾಕ್ಟ್ರೇ, ನಂದೂ ಒಂಚೂರು ನೋಡ್ಬಿಡಿ. ಮದುವೆ ಯೋಗ ಇದ್ಯಾ ಹೇಳಿ." ಎಲ್ಲರೂ ನಕ್ಕರು. ನಗುವಿನ ಜೊತೆ ಹೊಗೆ ಬಂತು, ಬಾಯಿಂದ, ಮೂಗಿಂದ. ಅಣ್ಣ ನಗಲಿಲ್ಲ. ಒದ್ದೆ ಕಾಲುಚೀಲವನ್ನು ಹಾಗೇ ಏರಿಸಿಕೊಂಡು, ಬೂಟಿನೊಳಗೆ ಕಾಲು ತುರುಕಿ, ಆರುತ್ತಿದ್ದ ಸಿಗರೇಟನ್ನು ಎರಡು ಸಲ ಜೋರಾಗಿ ಎಳೆದ. ಆಮೇಲೆ ತಮ್ಮನ ಕಡೆ ನೋಡದೆ, ಗೋಡೆಗೆ ಹೇಳುವವನ ಹಾಗೆ ಹೇಳಿದ: "ಕೈಯಲ್ಲಿ ಹೊಗೆ ಇಲ್ದೋನಿಗೆ ಹೊರಗೇನು ಕೆಲಸ? ಒಳಗೆ ನಡಿ."

ಇದು ಇಲ್ಲಿನ ಕಾನೂನು. ಯಾರು ಮಾಡಿದ್ದೋ ಗೊತ್ತಿಲ್ಲ, ಗೋಡೆಯ ಮೇಲೆಲ್ಲೂ ಬರೆದಿಲ್ಲ, ಮಾಲೀಕನನ್ನು ಕೇಳಿದರೆ ಹಾಗೇನೂ ಇಲ್ಲವಲ್ಲ ಅನ್ನುತ್ತಾನೆ. ಒಳಗೆ ಮೂಗಿನ ಕೂದಲು ಸೂಜಿಯಾಗುವ ಚಳಿ, ಹೊರಗೆ ಬರಬೇಕಾದರೆ ಕಾರಣ ಬೇಕು, ಸಿಗರೇಟು ಕಾರಣ. ಅದು ಉರಿಯುವಷ್ಟು ಹೊತ್ತು ಹೊರಗಿರಬಹುದು, ಆರಿತೋ ಒಳಗೆ. ಸೇದದವನು ಸುಮ್ಮನೆ ಹೊರಗೆ ನಿಂತರೆ ಅವನು ಕಳ್ಳ, ಮೈಗಳ್ಳ. ಬೆಂಕಿ ಸೇದುವುದನ್ನು ಬಿಟ್ಟ ಮೇಲೆ ಮೊದಮೊದಲು ಅಣ್ಣ ನೋಡಿಯೂ ನೋಡದ ಹಾಗಿದ್ದ. ತಮ್ಮ ಅಂತ ಬಿಟ್ಟಿದಾನೆ, ನಮಗೊಂದು ಅವನಿಗೊಂದು, ಎಂದು ಚಮಚನೇ ಎಲ್ಲೋ ಗೊಣಗಿರಬೇಕು. ಇವತ್ತು ಅಣ್ಣ ತಾನು ಎಲ್ಲರಿಗೂ ಒಂದೇ ಎಂದು ತೋರಿಸಿಕೊಂಡ. ತೋರಿಸಿಕೊಳ್ಳಲಿ. ಬೆಂಕಿ ಎದ್ದ. ಪ್ಯಾಂಟಿನ ಮಂಡಿ ಒದ್ದೆಯಾಗಿ ಅಂಟಿಕೊಂಡಿತ್ತು. ಬಾಯಿಗೆ ಬಂದ ಬೈಗುಳವನ್ನೆಲ್ಲ ಹಲ್ಲಿನ ಹಿಂದೆ ಕೂಡಿಹಾಕಿ, ದಪ್ಪ ರಬ್ಬರಿನ ಪರದೆ ಸರಿಸಿ ಒಳಗೆ ಹೋದ. ಚಳಿ ಹಳೇ ಪರಿಚಯದವನ ಹಾಗೆ ಬಂದು ಕೊರಳಿಗೆ ಬಿತ್ತು.

ಮೀನಿನ ಕ್ರೇಟುಗಳ ಮಧ್ಯೆ ನಿಂತು ಅವನು ತನ್ನ ಬಲಗೈಯ ತೋರುಬೆರಳು, ನಡುಬೆರಳು ನೋಡಿಕೊಂಡ. ಅವು ಸುಳ್ಳು ಹೇಳಲಿ ಎಂದು ಅವನಿಗೆ ಆಸೆಯಾಯಿತು. ಪಾದದ ಮೇಲೆ, ಹೆಬ್ಬೆರಳಿನ ನರ ಏಳುವ ಪಕ್ಕದಲ್ಲಿ ಹಿಡಿದಿದ್ದ, ಏನೂ ಇರಲಿಲ್ಲ. ಬೆರಳು ಸ್ವಲ್ಪ ಆಚೆ ಸರಿಸಿದ, ಹಗುರ ಮಾಡಿದ, ಮತ್ತೆ ಒತ್ತಿದ. ಏನೂ ಇರಲಿಲ್ಲ. ಕಣಕಾಲಿನ ಒಳಗಂಟಿನ ಹಿಂದೆ ಹಿಡಿದ. ಅಲ್ಲೂ ಇಲ್ಲ. ಮೇಣದ ಹಾಗೆ ನುಣುಪಾದ ಚರ್ಮ, ಒಂದು ಕೂದಲಿಲ್ಲ. ಹುಡುಗನಾಗಿದ್ದಾಗ ಅಣ್ಣನ ಕಾಲಿನ ಕೂದಲನ್ನು ಎಳೆದು ಏಟು ತಿಂದ ನೆನಪು ಅವನಿಗಿದೆ. ಹೆಬ್ಬೆರಳಿನ ಬದಿಗೆ ಬಟಾಣಿ ಗಾತ್ರದ ಹುಣ್ಣು, ಅಂಚು ಕಪ್ಪು. "ಬೂಟು ಉಜ್ಜಿ ಆಗಿದ್ದು ಕಣೋ, ಒಂದು ತಿಂಗಳಾಯ್ತು, ಒಣಗ್ತಾ ಇದೆ," ಎಂದಿದ್ದ ಅಣ್ಣ, ಕಿತ್ತುಕೊಳ್ಳುವ ಮೊದಲು. ಒಂದು ತಿಂಗಳಿಂದ ಒಣಗುತ್ತಲೇ ಇರುವ ಹುಣ್ಣು ಒಣಗುವುದಿಲ್ಲ ಎಂದು ಬೆಂಕಿಗೆ ಗೊತ್ತು. ಆದರೆ ಈಗ ಕ್ರೇಟುಗಳ ಮಧ್ಯೆ ನಿಂತಾಗ ಅವನನ್ನು ಕಾಡಿದ್ದು ಅದಲ್ಲ. ಬೆರಳಿಗೆ ಏನೂ ಸಿಗದ ಆ ಗಳಿಗೆಯಲ್ಲಿ, ಅಯ್ಯೋ ಅನ್ನುವುದಕ್ಕೂ ಮೊದಲು, ಒಂದು ರೆಪ್ಪೆ ಬಡಿಯುವಷ್ಟು ಹೊತ್ತು, ಅವನಿಗೆ ಖುಷಿಯಾಗಿತ್ತು. ಇವನಿಗೂ. ಅಷ್ಟೇ, ಇವನಿಗೂ. ತಲೆ ಎತ್ತಿದಾಗ ಅಣ್ಣ ಅವನ ಮುಖವನ್ನೇ ನೋಡುತ್ತಿದ್ದ. ಆಮೇಲೆ ನಾಯಿ ಅಂದದ್ದು. ಹಾಗಾದರೆ ಆ ಮಾತು ಎಲ್ಲಿಗೆ ಬಿತ್ತು? ಏಳನೇ ಕ್ಲಾಸಿಗೋ, ಆ ಖುಷಿಗೋ? ಎರಡನೆಯದಕ್ಕೆ ಬಿದ್ದಿದ್ದರೆ ಅದು ಬೈಗುಳವೇ ಅಲ್ಲ, ಸರಿಯಾಗಿ ಗುರುತು ಹಿಡಿದದ್ದು.

ಮೊದಲ ದಿನ ಇದೇ ರಬ್ಬರ್ ಪರದೆಯ ಹೊರಗೆ ಅಣ್ಣ ತಾನು ಹಚ್ಚಿದ ಸಿಗರೇಟನ್ನು ಅವನ ಕೈಗೆ ಕೊಟ್ಟಿದ್ದ. ಶಾಲೆ ಬಿಟ್ಟು ಏನೇನೋ ಕೆಲಸ ಮಾಡಿ, ಎಲ್ಲ ಕಡೆ ಜಗಳವಾಡಿ, ಕೊನೆಗೆ ಅಣ್ಣನ ಬೆನ್ನು ಹಿಡಿದು ಬಂದಿದ್ದ. ಒಳಗೆ ಹೋಗಿ ಸ್ವಲ್ಪ ಹೊತ್ತಿಗೇ ಹಲ್ಲು ಕಟಕಟ ಅನ್ನಲು ಶುರುವಾಗಿ, ಅಳು ಬರುತ್ತದೋ ಎಂದು ಹೆದರಿ, ಕ್ರೇಟುಗಳ ಹಿಂದೆ ಕೂತುಬಿಟ್ಟಿದ್ದ. ಅಣ್ಣ ತೋಳು ಹಿಡಿದು ಹೊರಗೆ ತಂದ. "ಹಿಡ್ಕೋ. ಸೇದ್ಬೇಡ ಬೇಕಾದ್ರೆ. ಸುಮ್ನೆ ಬೆರಳ ಮಧ್ಯೆ ಹಿಡ್ಕೊಂಡು ನಿಂತ್ಕೋ. ಕೇಳಿದ್ರೆ ತೋರ್ಸು." ಸೇದಬೇಡ ಎಂದೇ ಹೇಳಿದ್ದ. ಕೋರ್ಟಿನಲ್ಲಿ ಕೇಳಿದರೂ ಅಣ್ಣನ ತಪ್ಪಿಲ್ಲ. ಬಿಸಿಲಿತ್ತು, ಪೈಪಿನ ಬಿಸಿಯಿತ್ತು, ಬೆರಳ ಮಧ್ಯೆ ಇನ್ನೊಂದು ಚೂರು ಬಿಸಿ. ಅಷ್ಟು ಪ್ರೀತಿಯಿಂದ ಅವನಿಗೆ ಯಾರೂ ಏನನ್ನೂ ಕೊಟ್ಟಿರಲಿಲ್ಲ. ಬರೀ ಹಿಡಿದುಕೊಂಡದ್ದು ಎರಡು ದಿನ. ಮೂರನೇ ದಿನ ಗಾಳಿಗೆ ಆರಿಹೋಗದಿರಲಿ ಎಂದು ಒಂದು ಸಲ ಎಳೆದ. ಒಂದು ಸಲ ಎಳೆದರೆ ಆರುವುದಿಲ್ಲ, ಎರಡು ಸಲ ಎಳೆದರೆ ಬೇಗ ಮುಗಿಯುತ್ತದೆ, ಹಾಗಾಗಿ ಇನ್ನೊಂದು ಹಚ್ಚಬೇಕು. ಲೆಕ್ಕ ತಾನಾಗಿ ಕಲಿತ. ಶಾಲೆಯ ಲೆಕ್ಕ ಹತ್ತದವನಿಗೆ ಈ ಲೆಕ್ಕ ಹತ್ತಿತು.

ಕಾಲುಬೆರಳು ಬೆಳ್ಳಗಾಗುವುದು, ಆಮೇಲೆ ನೀಲಿಯಾಗುವುದು, ಹೊರಗೆ ಬಂದ ಮೇಲೆ ಕೆಂಪಾಗಿ ಉರಿಯುವುದು ಇಲ್ಲಿ ಎಲ್ಲರಿಗೂ ಆಗುತ್ತದೆ. ಚಳಿಯಲ್ಲಿ ದುಡಿಯುವವನ ಕಾಲು ತಣ್ಣಗಿರದೆ ಇನ್ನು ಯಾರ ಕಾಲು ತಣ್ಣಗಿರಬೇಕು? ಆದ್ದರಿಂದ ಅವನ ಎಡಗಾಲಿನ ಎರಡನೇ ಬೆರಳು ಭಾನುವಾರವೂ, ಬಿಸಿಲಲ್ಲಿ ಮಲಗಿದ್ದಾಗಲೂ ಬೆಳ್ಳಗೇ ಇದ್ದದ್ದು ಅವನಿಗೆ ವಿಶೇಷ ಅನ್ನಿಸಲಿಲ್ಲ. ನಡೆಯುವಾಗ ಅಂಗಾಲು ಹಿಂಡಿದ ಹಾಗಾಗುತ್ತಿತ್ತು. ಬೂಟು ಸರಿಯಿಲ್ಲ ಎಂದುಕೊಂಡ. ಎಲ್ಲರ ಹಾಗೆ ಅವನೂ ಬಿಡುವಿನಲ್ಲಿ ಬೂಟು ಕಳಚಿ ಪಾದವನ್ನು ಕಂಪ್ರೆಸರಿನ ಪೈಪಿಗೆ ಒತ್ತಿ ಕೂರುತ್ತಿದ್ದ. ಆಹಾ ಅನ್ನುತ್ತಿದ್ದರು ಉಳಿದವರು. ಅವನೂ ಆಹಾ ಅಂದ. ಬೇರೆಯವರು ಬಿಸಿ ತಡೆಯದೆ ಕಾಲು ತೆಗೆದರೂ ಅವನು ತೆಗೆಯುತ್ತಿರಲಿಲ್ಲ. "ನೋಡ್ರೋ, ಬೆಂಕಿ ಅಂದ್ರೆ ಬೆಂಕಿನೇ," ಎಂದು ಚಮಚ ಹೊಗಳಿದಾಗ ಎದೆ ಉಬ್ಬಿತ್ತು. ಬೆರಳಿಗೆ ಬೊಕ್ಕೆ ಎದ್ದದ್ದು ಗೊತ್ತಾದದ್ದು ಕಾಲುಚೀಲ ಅಂಟಿಕೊಂಡಾಗ. ನೋವಿರಲಿಲ್ಲ. ನೋವು ಬಂದದ್ದು ಆಮೇಲೆ, ಮಲಗಿದಾಗ. ಕಾಲನ್ನು ಮಂಚದಿಂದ ಕೆಳಗೆ ಇಳಿಬಿಟ್ಟರೆ ಸ್ವಲ್ಪ ಕಮ್ಮಿ, ಮೇಲಿಟ್ಟರೆ ಯಾರೋ ಬೆರಳನ್ನು ಇಕ್ಕಳದಲ್ಲಿ ಹಿಡಿದ ಹಾಗೆ. ಅಮ್ಮ ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಪಾದದ ಹತ್ತಿರ ಇಟ್ಟಳು. ಬೆರಳು ಕಪ್ಪಾಯಿತು.

ಡಾಕ್ಟರಮ್ಮ ಕುಳ್ಳಿ, ಮಾತು ಕಮ್ಮಿ, ಮೂಗಿನ ತುದಿಗೆ ಕನ್ನಡಕ. ಅವನ ಪಾದ ಹಿಡಿದು ಕಿಟಕಿಯ ಹೊರಗೆ ನೋಡುತ್ತಾ ಬಹಳ ಹೊತ್ತು ನಿಂತಿದ್ದಳು. ಹೆಣ್ಣೊಬ್ಬಳು ಅವನ ಕಾಲನ್ನು ಹಾಗೆ ಹಿಡಿದದ್ದು ಅವನಿಗೆ ನಾಚಿಕೆಯಾಗಿ, ನಾಚಿಕೆ ಸಿಟ್ಟಾಗಿ, "ಏನ್ ಹುಡುಕ್ತಾ ಇದೀರ?" ಎಂದು ಒರಟಾಗಿ ಕೇಳಿದ್ದ. ಅವಳು ಅವನ ಬೆರಳನ್ನೇ ತೆಗೆದುಕೊಂಡು ತನ್ನ ಮಣಿಕಟ್ಟಿನ ಮೇಲೆ ಇಟ್ಟಳು. "ಇದು. ಬಡೀತಾ ಇದೆ ಅಲ್ವಾ? ಪಾದದ ಮೇಲೂ ಹೀಗೇ ಬಡೀಬೇಕು. ನಿಮ್ಮದು ಬಡೀತಿಲ್ಲ." ಆಮೇಲೆ ಅವಳು ಹೇಳಿದ್ದನ್ನು ಅವನು ಬಾಯಿಪಾಠ ಮಾಡಿಕೊಂಡಿದ್ದಾನೆ, ಶಾಲೆಯಲ್ಲಿ ಒಂದು ಪದ್ಯವನ್ನೂ ಹಾಗೆ ಮಾಡಿದವನಲ್ಲ. ನಿಮ್ಮ ವಯಸ್ಸಿಗೆ ಈ ಕಾಯಿಲೆ ತರೋದು ಹೊಗೆಸೊಪ್ಪು. ಕೈಕಾಲಿನ ಸಣ್ಣ ರಕ್ತನಾಳಗಳು ಊದ್ಕೊಂಡು, ಒಳಗೆ ರಕ್ತ ಹೆಪ್ಪುಗಟ್ಟಿ ಮುಚ್ಚಿಹೋಗ್ತವೆ. ಕಮ್ಮಿ ಮಾಡ್ತೀನಿ ಅನ್ನೋ ಮಾತು ಬೇಡ; ದಿನಕ್ಕೆ ಒಂದು ಸೇದಿದ್ರೂ ಅದು ನಿಲ್ಲಲ್ಲ; ಪೂರ್ತಿ ಬಿಟ್ರೆ ಉಳಿದ ಬೆರಳು ಉಳೀಬಹುದು. ಬಾಯಲ್ಲಿ ಇಟ್ಟುಕೊಳ್ಳೋ ಹೊಗೆಸೊಪ್ಪೂ ಬೇಡ. ರಕ್ತ ಹೋಗದ ಕಾಲಿಗೆ ಬಿಸಿ ಇಡಬಾರದು, ಸುಟ್ಟರೂ ಗೊತ್ತಾಗಲ್ಲ. ಬೆಚ್ಚಗಿನ ಒಣ ಕಾಲುಚೀಲ ಸಾಕು. ದಿನಾ ಪಾದ ನೋಡ್ಕೊಳ್ಳಿ, ಬೆರಳಸಂದಿ ಕೂಡ. ಹುಣ್ಣು ಮಾಯ್ದ ಮೇಲೆ ನಡೀರಿ. ನೋವು ಬರೋವರೆಗೂ ನಡೀರಿ, ನಿಲ್ಲಿ, ನೋವು ಹೋದ ಮೇಲೆ ಮತ್ತೆ ನಡೀರಿ. "ನಿಲ್ಲೋಕೆ ನಾಚ್ಕೋಬೇಡಿ," ಎಂದಿದ್ದಳು. ಅದು ಅವಳಿಗೆ ಹೇಗೆ ಗೊತ್ತಾಯಿತೋ.

ನಾಚಿಕೆಯೇ ಎಲ್ಲ. ಅಣ್ಣ ನಡೆಯುವುದನ್ನು ಅವನು ಬೆರಳು ಹೋದ ಮೇಲೆ ನೋಡಲು ಕಲಿತ. ಬಸ್ಸಿಳಿದು ಕೋಲ್ಡ್ ಸ್ಟೋರೇಜಿನ ಗೇಟಿಗೆ ಉದ್ದನೆಯ ಒಂದು ರಸ್ತೆ. ಅಣ್ಣ ಗಡಿಯಾರದ ಅಂಗಡಿಯ ಮುಂದೆ ನಿಲ್ಲುತ್ತಾನೆ, ಗಾಜಿನೊಳಗಿನ ಗಡಿಯಾರಗಳನ್ನು ನೋಡುತ್ತಾನೆ, ತನ್ನ ಕೈಯದಕ್ಕೆ ಕೀಲಿ ಕೊಡುವವನ ಹಾಗೆ ಮಾಡುತ್ತಾನೆ. ಅವನ ಕೈಗಡಿಯಾರಕ್ಕೆ ಕೀಲಿಯೇ ಇಲ್ಲ. ಮತ್ತೆ ನಡೆಯುತ್ತಾನೆ, ನಲ್ಲಿಯ ಹತ್ತಿರ ನಿಲ್ಲುತ್ತಾನೆ, ಬಾಯಾರಿಕೆ ಇಲ್ಲದಿದ್ದರೂ ಬಾಯಿ ಮುಕ್ಕಳಿಸುತ್ತಾನೆ. ಆಮೇಲೆ ಸಿನಿಮಾ ಪೋಸ್ಟರು. ಹಳೆಯದಾಗಿ ಹರಿದು ನಾಯಕಿಯ ಅರ್ಧ ಮುಖ ಮಾತ್ರ ಉಳಿದಿರುವ ಪೋಸ್ಟರನ್ನು ದಿನವೂ ಓದುತ್ತಾನೆ. "ಮೇಸ್ತ್ರಿಗೆ ಅವಳ ಮೇಲೆ ಮನಸ್ಸಾಗಿದೆ," ಎಂದು ಅಜ್ಜ ಹೇಳಿದ್ದಕ್ಕೆ ಅಣ್ಣನೂ ನಕ್ಕು, "ನಿಮ್ ಅತ್ತಿಗೆಗೆ ಹೇಳ್ಬೇಡ್ರಪ್ಪ," ಎಂದಿದ್ದ. ಹಿಂದಿನಿಂದ ಬರುತ್ತಿದ್ದ ಬೆಂಕಿಗೆ ಮಾತ್ರ ಕಂಡದ್ದು, ಪೋಸ್ಟರಿನ ಮುಂದೆ ನಿಂತವನ ಕೈ ಕೆಳಗೆ ಹೋಗಿ ಮೀನಖಂಡವನ್ನು ಹಿಸುಕಿ, ಯಾರೂ ನೋಡಲಿಲ್ಲವಷ್ಟೇ ಎಂದು ಮೇಲೆ ಬಂದದ್ದು. ಹೋದ ವರ್ಷ ಅಣ್ಣ ಗಡಿಯಾರದ ಅಂಗಡಿ ದಾಟಿ ನಲ್ಲಿಯವರೆಗೆ ಒಂದೇ ಉಸಿರಿಗೆ ಹೋಗುತ್ತಿದ್ದ. ಈಗ ಅಂಗಡಿಗೂ ಮೊದಲೇ ಒಂದು ದೀಪದ ಕಂಬ ಸೇರಿಕೊಂಡಿದೆ. ಇವತ್ತು ಬೆಳಿಗ್ಗೆ ಆ ಕಂಬಕ್ಕೆ ಒರಗಿ ನಿಂತವನನ್ನು ದಾಟಿ ಹೋಗುವಾಗ ಬೆಂಕಿ ತೀರ್ಮಾನ ಮಾಡಿದ್ದ: ಬಿಡುವಿನಲ್ಲಿ ಬೂಟು ಕಳಚುತ್ತಾನಲ್ಲ, ಆಗ ನೋಡಿಬಿಡುತ್ತೇನೆ. ಕೇಳಿ ನೋಡಬಹುದಿತ್ತು. ಮನೆಯಲ್ಲಿ ನೋಡಬಹುದಿತ್ತು. ಕೇಳಿದ್ದರೆ ಅಣ್ಣ ಕೊಡುತ್ತಿದ್ದನೇ? ಎಲ್ಲರ ಮುಂದೆ ಹಿಡಿದದ್ದು ಬೇರೆ ದಾರಿಯಿಲ್ಲದೆಯೋ, ಎಲ್ಲರ ಮುಂದೆ ಹಿಡಿಯಬೇಕು ಅಂತಲೇಯೋ? ಕ್ರೇಟು ಎತ್ತುತ್ತಾ ಅವನು ಈ ಪ್ರಶ್ನೆಯನ್ನು ಮಗುಚಿ ಮಗುಚಿ ನೋಡಿದ. ಎರಡೂ ಬದಿ ಒಂದೇ ಥರ ಕೊಳಕಾಗಿ ಕಂಡವು.

"ಸೈಡು, ಸೈಡು!" ಚಮಚ ಟ್ರಾಲಿ ತಳ್ಳಿಕೊಂಡು ಬಂದ. ಸಿಗರೇಟಿನ ವಾಸನೆಯೂ ಅವನ ಜೊತೆ ಬಂತು. ಆ ವಾಸನೆಗೆ ಬೆಂಕಿಯ ಬಾಯಲ್ಲಿ ನೀರೂರಿತು. ಬೆರಳು ಹೋದರೂ, ಇಷ್ಟೆಲ್ಲ ಗೊತ್ತಿದ್ದರೂ, ನಾಲಿಗೆಗೆ ಬುದ್ಧಿಯಿಲ್ಲ. "ಬೇಜಾರ್ ಮಾಡ್ಕೋಬೇಡ್ವೋ, ಮೇಸ್ತ್ರಿ ಮೂಡು ಸರಿ ಇಲ್ಲ," ಎಂದ ಚಮಚ, ದನಿ ತಗ್ಗಿಸಿ. "ಆದ್ರೂ ನೀನು ಹಂಗೆ ಕಾಲು ಹಿಡೀಬಾರ್ದಿತ್ತು. ಸತ್ತೋರ ಕಾಲು ಹಿಡ್ದಂಗೆ ಹಿಡ್ದಿದ್ದೆ." ಬೆಂಕಿ ಕ್ರೇಟನ್ನು ದೊಪ್ಪೆಂದು ಇಳಿಸಿದ. ಮೀನುಗಳು ಒಂದಕ್ಕೊಂದು ಅಂಟಿ ಒಂದೇ ಮೀನಾಗಿದ್ದವು, ಎಲ್ಲದರ ಕಣ್ಣೂ ತೆರೆದೇ ಇತ್ತು.

ಅಪ್ಪನ ಒಂದು ಕಣ್ಣೂ ಹಾಗೇ ಅರ್ಧ ತೆರೆದಿತ್ತು. ಅಂದು ಬೆಳಿಗ್ಗೆ ಅಪ್ಪ ಚಹಾ ಕುಡಿಯುತ್ತಿದ್ದಾಗ ಚಹಾ ಬಾಯ ಮೂಲೆಯಿಂದ ಬನಿಯನ್ನಿನ ಮೇಲೆ ಸುರಿಯಿತು. ಏನೋ ಹೇಳಿದ, ಮಾತು ತೊದಲಿತು. ಬಾಯಿ ಒಂದು ಕಡೆ ವಾಲಿಕೊಂಡು ನಗುತ್ತಿರುವ ಹಾಗೆ ಕಂಡದ್ದರಿಂದ ಇವರೂ ನಕ್ಕರು. "ಬೆಳ್ ಬೆಳಿಗ್ಗೇನೇ ಏರಿಸ್ಕೊಂಡ್ಯೇನಪ್ಪಾ?" ಎಂದ ಅಣ್ಣ. ಅಪ್ಪ ಬಲಗೈ ಎತ್ತಲು ನೋಡಿ ಆಗದೆ, ಎಡಗೈಯಿಂದ ಬಲಗೈಯನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡ, ಬೇರೆಯವರ ಸಾಮಾನು ಎತ್ತಿಟ್ಟ ಹಾಗೆ. ಮಲಗಿಸಿದರು. ಮಲಗಿ ಎದ್ದರೆ ಸರಿಹೋಗುತ್ತದೆ ಎಂದರು. ಮಧ್ಯಾಹ್ನ ಅಮ್ಮ ಊಟಕ್ಕೆ ಎಬ್ಬಿಸಲು ಹೋದಳು. ತಲೆಯ ರಕ್ತನಾಳ ಮುಚ್ಚಿದಾಗ ಹಾಗಾಗುತ್ತದೆ, ಬಾಯಿ ವಾಲಿದರೆ, ಕೈ ಸೋತರೆ, ಮಾತು ತೊದಲಿದರೆ ಮಲಗಿಸಬಾರದು, ಆ ಗಳಿಗೆಯಲ್ಲೇ ಹೊತ್ತುಕೊಂಡು ಓಡಬೇಕು, ಎಂದು ಡಾಕ್ಟರಮ್ಮ ಹೇಳಿದ ದಿನ ಬೆಂಕಿ ಮನೆಗೆ ಬಂದು ಅಣ್ಣನಿಗೆ ಹೇಳಲಿಲ್ಲ. ಹೇಳಿದರೆ ಅಪ್ಪ ಎರಡನೇ ಸಲ ಸಾಯುತ್ತಾನೆ, ಈ ಸಲ ಅಣ್ಣನ ಆ ಒಂದು ತಮಾಷೆಯ ಮಾತಿನಿಂದ ಸಾಯುತ್ತಾನೆ. ಆದರೆ ಹೇಳಬಾರದೆಂದು ಇಟ್ಟುಕೊಂಡ ಮಾತು ಸುಮ್ಮನೆ ಕೂರುವುದಿಲ್ಲ. ಜಗಳವಾದಾಗಲೆಲ್ಲ ನಾಲಿಗೆಯ ತುದಿಗೆ ಬಂದು ನಿಲ್ಲುತ್ತದೆ. ಇವತ್ತು ನಾಯಿ ಅಂದಾಗಲೂ ಬಂದು ನಿಂತಿತ್ತು. ಕಾಲಲ್ಲಿ ಮುಚ್ಚಿದೋರಿಗೆ ಎದೇಲೂ ತಲೇಲೂ ಮುಚ್ಚಿರಬಹುದು, ಅಂತಲೂ ಡಾಕ್ಟರಮ್ಮ ಹೇಳಿದ್ದಳು. ನಲವತ್ತು ದಾಟಿದೋರಿಗೆ ರಕ್ತನಾಳದ ಗೋಡೆಗೆ ಕೊಬ್ಬು ಕಟ್ಟಿ ಬರೋದು ಬೇರೆ, ನಿಮ್ಮದು ಬೇರೆ, ಆದ್ರೆ ಹೊಗೆ ಎರಡಕ್ಕೂ ಬಾಗಿಲು ತೆಗೆಯುತ್ತೆ. ಸಕ್ಕರೆ, ರಕ್ತದೊತ್ತಡ ನೋಡಿಸ್ಕೊಳ್ಳಿ, ಉಪ್ಪು ಎಣ್ಣೆ ಕಮ್ಮಿ ಮಾಡಿ, ಮನೇಲಿ ಯಾರಿಗಾದ್ರೂ ನಡೆಯುವಾಗ ಕಾಲು ಹಿಡಿಯುತ್ತಾ, ನಿಂತ್ರೆ ಬಿಡುತ್ತಾ? ಇಲ್ಲ, ಎಂದಿದ್ದ ಬೆಂಕಿ. ಆಗ ಅವನು ಇನ್ನೂ ನೋಡಲು ಕಲಿತಿರಲಿಲ್ಲ.

ನೋಡಲು ಕಲಿತದ್ದು ಅಮ್ಮನ ಕಾಲಿನ ಮೇಲೆ. ಬೆರಳು ತೆಗೆದು ಮನೆಯಲ್ಲಿ ಕೂತಿದ್ದ ಒಂದು ಮಧ್ಯಾಹ್ನ, ಹಾಸ್ಟೆಲಿನ ಅಡುಗೆಮನೆಯಲ್ಲಿ ಬೆಳಗಿನಿಂದ ನಿಂತು ಬಂದ ಅಮ್ಮ ಚಾಪೆಯ ಮೇಲೆ ಒರಗಿದವಳು ಹಾಗೇ ನಿದ್ದೆಹೋಗಿದ್ದಳು. ಅವಳ ಮೀನಖಂಡದ ತುಂಬ ಉಬ್ಬಿದ ನೀಲಿ ನರಗಳು, ಹಗ್ಗ ಗಂಟುಬಿದ್ದ ಹಾಗೆ. ಅವನಿಗೆ ಭಯವಾಗಿ, ಹೆದರಿ ಹೆದರಿ ಪಾದದ ಮೇಲೆ ಬೆರಳಿಟ್ಟ. ಸಿಕ್ಕಿತು. ಮೊದಲು ನಂಬಲಿಲ್ಲ; ತನ್ನ ಬೆರಳಿನದೇ ಬಡಿತವಿರಬೇಕು ಎಂದುಕೊಂಡ. ಅಲ್ಲ, ಅಮ್ಮನದೇ. ಗೂಡಿನೊಳಗಿನ ಮರಿಯ ಹಾಗೆ, ಚರ್ಮದ ಕೆಳಗೆ, ತನ್ನ ಪಾಡಿಗೆ ತಾನು. ಅವನು ಎಷ್ಟೋ ಹೊತ್ತು ಬಿಡಲಿಲ್ಲ. "ಏನ್ ಮಾಡ್ತಿದೀಯೋ?" ಎಂದಳು ಅಮ್ಮ, ಕಣ್ಣು ತೆರೆಯದೆ. "ಏನಿಲ್ಲ. ಇದೆ." "ಏನಿದೆ?" "ಏನಿಲ್ಲ, ಮಲ್ಕೋ." ಆಮೇಲೆ ಡಾಕ್ಟರಮ್ಮನನ್ನು ಕೇಳಿದಾಗ, ಅದು ರಕ್ತ ವಾಪಸ್ಸು ಹೋಗೋ ದಾರಿ, ನಿಂತು ನಿಂತು ಕವಾಟ ಸೋತು ಉಬ್ಬಿದೆ, ಆವಾಗಾವಾಗ ಕಾಲು ಮೇಲಿಟ್ಟು ಕೂರಲಿ, ಬಿಗಿಯಾದ ಕಾಲುಚೀಲ ಬರೆದುಕೊಡ್ತೀನಿ, ಒಂದೇ ಕಾಲು ಇದ್ದಕ್ಕಿದ್ದಂತೆ ಊದಿ ನೋವಾದ್ರೆ ಮಾತ್ರ ತಿಕ್ಕಬೇಡಿ, ಒತ್ತಬೇಡಿ, ನೇರ ಕರ್ಕೊಂಡ್ಬನ್ನಿ, ಅಂದಳು. ಅಮ್ಮ ಕಾಲುಚೀಲ ಹಾಕಿಕೊಂಡು, "ಸಿನಿಮಾದೋರ ಥರ ಇದೀನಿ," ಎಂದು ನಾಚಿದಳು. ಕಾಲು ಮೇಲಿಟ್ಟು ಕೂರಲಿಲ್ಲ. ಅಮ್ಮನನ್ನು ಕೂರಿಸುವ ಡಾಕ್ಟರು ಇನ್ನೂ ಹುಟ್ಟಿಲ್ಲ.

ಮಧ್ಯಾಹ್ನದ ಬಿಡುವಿಗೆ ಬೆಂಕಿ ಹೊರಗೆ ಹೋಗಲಿಲ್ಲ. ರಬ್ಬರ್ ಪರದೆಯ ಸೀಳಿನಿಂದ ನೋಡಿದರೆ ಗೋಡೆಯ ಹತ್ತಿರ ಅವರೆಲ್ಲ ಇದ್ದರು, ಬೂಟು ಕಳಚಿದ ಪಾದಗಳು ಪೈಪಿನ ಮೇಲೆ ಸಾಲಾಗಿ. ಅಣ್ಣನ ಪಾದವೂ ಇತ್ತು. ಅಜ್ಜ ಬಿಸಿಗೆ ಕಾಲು ತೆಗೆದ. ಚಮಚ "ಉಸ್ಸ್" ಎಂದು ತೆಗೆದ. ಅಣ್ಣ ತೆಗೆಯಲಿಲ್ಲ. ಸಿಗರೇಟು ಬಾಯಲ್ಲಿ, ಕಣ್ಣು ಮುಚ್ಚಿ, ಹುಣ್ಣಿದ್ದ ಹೆಬ್ಬೆರಳನ್ನು ಪೈಪಿಗೆ ಒತ್ತಿಕೊಂಡು ಸುಖವಾಗಿ ಕೂತಿದ್ದ. ಹೋಗಿ ಆ ಕಾಲನ್ನು ಎಳೆದು ಹಾಕಬೇಕು. ಹೋಗಬೇಕು, ಈಗಲೇ. ಬೆಂಕಿಯ ಕೈ ಪರದೆಯನ್ನು ಹಿಡಿದಿತ್ತು. ಹೋದರೆ ಮತ್ತೆ ನಾಯಿ. ಮತ್ತೆ ಚಮಚನ ನಗು, ಅಜ್ಜನ ಮದುವೆ ಯೋಗ. ಅವನು ಪರದೆ ಹಿಡಿದು ನಿಂತೇ ಇದ್ದ. ಅಣ್ಣನ ಸಿಗರೇಟು ಮುಗಿದು, ಅಣ್ಣ ಕಣ್ಣು ತೆರೆದು, ಪಾದವನ್ನು ತಾನಾಗಿ ಇಳಿಸಿಕೊಳ್ಳುವವರೆಗೂ ನಿಂತಿದ್ದ. ತನ್ನ ಬೆರಳು ಹೋದದ್ದು, ಬಿಸಿ ಇಡಬಾರದೆಂದು ಆಗ ಯಾರಿಗೂ ಗೊತ್ತಿಲ್ಲದೆ. ಅಣ್ಣನದು ಹೋದರೆ ಇವನಿಗೆ ಗೊತ್ತಿದ್ದೂ ಹೋದ ಹಾಗೆ. ಬೆಳಗಿನ ಖುಷಿಯ ಹಾಗಲ್ಲ ಇದು. ರೆಪ್ಪೆ ಬಡಿಯುವಷ್ಟು ಹೊತ್ತಿನದಲ್ಲ. ಒಂದು ಸಿಗರೇಟು ಉರಿಯುವಷ್ಟು ಹೊತ್ತು, ಕಣ್ಣಾರೆ, ನಿಂತು ನೋಡಿದ್ದು. ನಾಯಿ ಆಗಿದ್ದರೆ ಓಡಿಹೋಗಿ ಎಳೆಯುತ್ತಿತ್ತು.

ಸಂಜೆ ಎಲ್ಲರೂ ಹೋದ ಮೇಲೆ ಹೊರಡೋಣ ಎಂದು ಅವನು ಬೇಕೆಂದೇ ಕೋಟು ಮಡಿಸಿ, ಬಿಚ್ಚಿ, ಮತ್ತೆ ಮಡಿಸಿದ. ಗೇಟಿಗೆ ಬಂದರೆ ಅಣ್ಣ ಅಲ್ಲೇ ಇದ್ದ, ಒಬ್ಬನೇ, ಕಾವಲುಗಾರನ ಖಾಲಿ ಸ್ಟೂಲಿನ ಮೇಲೆ. ಅಂಗೈಯಲ್ಲಿ ಎರಡು ಸಿಗರೇಟು, ಹಚ್ಚಿರಲಿಲ್ಲ. ಒಂದನ್ನು ಚಾಚಿದ.

"ತಗೋ."

ಬೆಂಕಿ ಸಿಗರೇಟನ್ನೇ ನೋಡುತ್ತಾ ನಿಂತ. ಅಣ್ಣನಿಗೆ ಕ್ಷಮಿಸು ಅನ್ನಲು ಬೇರೆ ಮಾತು ಬರುವುದಿಲ್ಲ. ಚಿಕ್ಕವನಿದ್ದಾಗ ಹೊಡೆದ ಮೇಲೆ ಪೆಪ್ಪರ್ಮಿಂಟು ಕೊಡುತ್ತಿದ್ದ, ಆಮೇಲೆ ಇದು. ಕೊಡುತ್ತಿರುವುದು ಏನು ಅಂತ ಅವನಿಗೇ ನೆನಪಾಗಿರಬೇಕು, ಚಾಚಿದ ಕೈ ತಾನಾಗಿ ಹಿಂದೆ ಹೋಯಿತು.

"ಹೌದಲ್ಲ, ನೀನು ಬಿಟ್ಟಿದೀಯ." ಎರಡು ಸಿಗರೇಟನ್ನೂ ಅಂಗೈಯಲ್ಲಿ ಹೊರಳಿಸಿದ. "ಎಲ್ಲರ ಮುಂದೆ ಕಾಲು ಹಿಡಿದ್ರೆ ಇನ್ನೇನ್ ಅಂತಾರೋ ಯಾರಾದ್ರೂ? ಮೇಸ್ತ್ರಿ ಕಣೋ ನಾನು. ನಾಳೆ ಅವರು ನನ್ ಮಾತು ಕೇಳ್ಬೇಡ್ವಾ?"

ಬೆಂಕಿ ರಸ್ತೆಯ ಕಡೆ ನೋಡಿದ. ರಸ್ತೆ ಎಡಕ್ಕೆ ಬಸ್‌ ಸ್ಟಾಪಿಗೆ ಹೋಗುತ್ತದೆ: ಪೋಸ್ಟರು, ನಲ್ಲಿ, ಗಡಿಯಾರದ ಅಂಗಡಿ. ಬಲಕ್ಕೆ ಹೋದರೆ ಆಸ್ಪತ್ರೆ. ಡಾಕ್ಟರಮ್ಮ ಸಂಜೆ ಕೂರುತ್ತಾಳೆ.

"ಲೋ." ಅಣ್ಣನ ದನಿ ಕೆಳಗಿಳಿದಿತ್ತು. ಆ ದನಿಯನ್ನು ಬೆಂಕಿ ಒಂದೇ ಒಂದು ಸಲ ಕೇಳಿದ್ದ, ಅಪ್ಪ ಮಲಗಿದ್ದ ಕೋಣೆಯ ಬಾಗಿಲಲ್ಲಿ. "ಸಿಕ್ತೇನೋ?"

ಬೆಂಕಿ ತಲೆ ಎತ್ತಿದ.

"ಏನು ಅಂತ ಕೇಳ್ಬೇಡ. ನಿನ್ ಮುಖ ನೋಡ್ದೆ ನಾನು. ಬೆಳಿಗ್ಗೆಯಿಂದ ಅದೇ ಕಾಣ್ತಾ ಇದೆ. ಹಿಡಿದ್ಯಲ್ಲ, ಇತ್ತಾ, ಇಲ್ವಾ? ಅಷ್ಟು ಹೇಳ್ಬಿಡು ಸಾಕು."

ಇಲ್ಲ ಎಂದರೆ ಮುಗಿಯಿತು. ಚಳಿಯಿಂದ ಆಗತಾನೇ ಹೊರಗೆ ಬಂದ ಕಾಲಿನಲ್ಲಿ ಸಿಗದೇ ಇರಬಹುದು, ನನ್ನ ಬೆರಳಿಗೆ ಗೊತ್ತಾಗದೇ ಇರಬಹುದು, ಡಾಕ್ಟರೇ ನೋಡಬೇಕು ಎಂದರೆ ಅದೂ ನಿಜ. ಆದರೆ ಹಾಗೆ ಹೇಳಿದರೆ ಅಣ್ಣ ಇರಬಹುದು ಎಂಬುದನ್ನಷ್ಟೇ ಹಿಡಿದುಕೊಂಡು ಎಡಕ್ಕೆ ತಿರುಗಿಬಿಡುತ್ತಾನೆ. ಅದಕ್ಕಿಂತ ಹೆಚ್ಚಾಗಿ ಬೆಂಕಿಗೆ ತನ್ನ ದನಿಯ ಮೇಲೇ ನಂಬಿಕೆಯಿರಲಿಲ್ಲ. ಇಲ್ಲ ಅನ್ನುವಾಗ ಆ ಖುಷಿ ಅದರಲ್ಲಿ ಎಲ್ಲಾದರೂ ಒಂದು ಚೂರು ಅಂಟಿಕೊಂಡಿದ್ದರೆ? ಮಧ್ಯಾಹ್ನ ಪರದೆ ಹಿಡಿದು ನಿಂತದ್ದು ಅದರಲ್ಲಿ ಕೇಳಿಸಿಬಿಟ್ಟರೆ? ಸಂಜೆಯ ಬೆಳಕಿನಲ್ಲಿ ಅಣ್ಣನ ಮುಖ ಸಣ್ಣದಾಗಿತ್ತು. ಬಾಯಿ ಸ್ವಲ್ಪ ತೆರೆದಿತ್ತು, ಎರಡೂ ಮೂಲೆ ಸಮವಾಗಿ. ಬೆಂಕಿ ಅದನ್ನೂ ನೋಡಿಕೊಂಡ. ಆಮೇಲೆ ಬಲಕ್ಕೆ ತಿರುಗಿ ನಡೆಯತೊಡಗಿದ.

ಸ್ವಲ್ಪ ದೂರ ಹೋಗುವಷ್ಟರಲ್ಲಿ ಅಂಗಾಲು ಹಿಂಡಿತು. ಅವನು ನಿಂತ. ನೋಡಲು ಅಲ್ಲಿ ಅಂಗಡಿಯಿರಲಿಲ್ಲ, ಪೋಸ್ಟರಿರಲಿಲ್ಲ. ಯಾವುದನ್ನೂ ನೋಡದೆ ಫುಟ್‌ಪಾತಿನ ನಟ್ಟನಡುವೆ ಕೈ ಇಳಿಬಿಟ್ಟು ನಿಂತ. ಸೈಕಲ್ಲಿನವನೊಬ್ಬ ಬೈದುಕೊಂಡು ಸುತ್ತಿ ಹೋದ. ಹಿಂದೆ ಬೆಂಕಿಕಡ್ಡಿ ಗೀರಿದ ಸದ್ದಾಯಿತು. ಗಾಳಿ ಇತ್ತಲೇ ಬೀಸುತ್ತಿತ್ತು. ಅವನು ವಾಸನೆಗಾಗಿ ಕಾದ. ವಾಸನೆ ಬರಲಿಲ್ಲ, ಬಂದದ್ದು ಗಂಬೂಟು ನೆಲಕ್ಕೆ ಎಳೆದ ಸದ್ದು, ಒಂದು, ಇನ್ನೊಂದು, ಆಮೇಲೆ ನಿಂತದ್ದು.

"ಏ ತಮ್ಮಾ, ಮಾತಾಡೋ. ಇತ್ತೇನೋ?"

ದನಿ ಮೊದಲಿಗಿಂತ ಹತ್ತಿರವಿತ್ತು. ಅವನು ತಿರುಗಲಿಲ್ಲ. ಅಂಗಾಲಿನ ಹಿಂಡುವಿಕೆ ಬಿಟ್ಟಿತ್ತು. ಸೋತ ಕಾಲೊಂದು ಹಿಂದೆ ಬರುವುದಾದರೆ ಬರಬಹುದಾದಷ್ಟು ನಿಧಾನವಾಗಿ, ಏನೂ ಹೇಳದೆ, ಮುಂದೆ ನಡೆದ.